ಮಕ್ಕಳ ಕೈಗೆಂದು ಮಾಡಿದ ಕತ್ತಿಗಳು

ನಾನು ಕತ್ತಿ ಒಟ್ಟು ಮಾಡುತ್ತೇನೆ ಎಂದರೆ ನಮ್ಮವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲು ಕೇಳುವುದು "ಎಂತಕ್ಕೆ?" ಅಂತ. ಹತ್ತನೆಯವರು ಕೇಳುವುದಿಲ್ಲ, ಸುಮ್ಮನೆ ಮುಖ ನೋಡುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ. ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ 'ಚೂರಿ' ಎಂಬ ಪದ ಬಂದರೆ ಅದರ ಬೆನ್ನಿಗೇ 'ಇರಿತ' ಎಂಬ ಪದವೂ ಬರುತ್ತದೆ. ಹಾಗಿರುವಾಗ ನಮ್ಮಂಥ ಹೆಸರಿನವನ ಕಪಾಟಿನಲ್ಲಿ 23 ಕತ್ತಿ ಉಂಟು ಎಂದು ಕೇಳಿದವರಿಗೆ ಏನೇನೋ ಅನಿಸಬಹುದು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಒಬ್ಬೊಬ್ಬರಿಗೇ ವಿವರಿಸುವುದಕ್ಕಿಂತ ಒಮ್ಮೆ ಕೂತು ಬರೆಯುವುದೇ ಒಳ್ಳೆಯದು ಅನಿಸಿತು.

ನನ್ನ ಹತ್ತಿರ ಇರುವುದು ಅಮೆರಿಕದ ಸ್ಕೌಟ್ ಮಕ್ಕಳಿಗಾಗಿ ಅಲ್ಲಿನ ಕಾರ್ಖಾನೆಗಳು ಮಾಡಿದ ಹಳೆಯ ಮಡಚುಕತ್ತಿಗಳು. ನಾವು ಪೀಶಕತ್ತಿ ಎನ್ನುತ್ತೇವಲ್ಲ, ಆ ಜಾತಿಯವು. ಮಡಚಿದರೆ ಒಂದೊಂದೂ ಸುಮಾರು ಒಂಬತ್ತು ಸೆಂಟಿಮೀಟರ್ ಉದ್ದ, ಅಂಗೈಯೊಳಗೆ ಅಡಗುವಷ್ಟು. ಒಂದು ದೊಡ್ಡ ಅಲಗು, ಡಬ್ಬಿ ತೆರೆಯುವ ಒಂದು ಕೊಕ್ಕೆ, ಬಾಟಲಿ ಮುಚ್ಚಳ ಎಬ್ಬಿಸುವ ಸ್ಕ್ರೂ ಡ್ರೈವರ್, ಚರ್ಮಕ್ಕೆ ತೂತು ಹಾಕುವ ಒಂದು ದಬ್ಬಳ. ತುದಿಯಲ್ಲಿ ಬೆಲ್ಟಿಗೆ ಸಿಕ್ಕಿಸಲು ಒಂದು ಬಳೆ. ಬಹುತೇಕ ಎಲ್ಲವೂ ಇದೇ ಮಾದರಿ. ಅದೇ ನಾಲ್ಕು ಕೆಲಸಕ್ಕೆ, ಅದೇ ವಯಸ್ಸಿನ ಮಕ್ಕಳಿಗೆ, ಬೇರೆ ಬೇರೆ ಊರಿನ ಕಾರ್ಖಾನೆಗಳು ದಶಕಗಳ ಕಾಲ ಮಾಡುತ್ತಾ ಬಂದ ವಸ್ತು ಇದು.

ನಮ್ಮ ಉಪ್ಪನಿಗೆ ಹೊಸಂಗಡಿಯ ಹತ್ತಿರ ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಹಗ್ಗ, ಬೀಗ, ಹಾರೆ, ಪಿಕ್ಕಾಸು, ಕತ್ತಿ. ಗಿರಾಕಿ ತುಳುವಿನಲ್ಲಿ ಕೇಳಿದರೆ ಉಪ್ಪ ತುಳುವಿನಲ್ಲಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ಮಲಯಾಳದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದರು. ಲೆಕ್ಕ ಮಾತ್ರ ಬ್ಯಾರಿಯಲ್ಲೇ ಗುಣುಗುಣಿಸುತ್ತಿದ್ದರು. "ಬ್ಯಾರಿಗಳೇ, ಒಳ್ಳೆಯ ಕತ್ತಿ ಉಂಟಾ?" ಎಂದು ಯಾರಾದರೂ ಬಂದರೆ ನಾಲ್ಕು ಕತ್ತಿ ಮುಂದೆ ಹಾಕಿ, ಪ್ರತಿಯೊಂದರ ಅಲಗಿಗೂ ಉಗುರಿನಿಂದ ಟಿಣ್ ಎಂದು ಬಡಿದು ಶಬ್ದ ಕೇಳಿಸುವುದು ಅವರ ಪದ್ಧತಿ. ಶಬ್ದ ಮೊದ್ದಾಗಿ ಬಂದರೆ ಬದಿಗಿಡುವುದು. ಲಾರಿಯ ಲೀಫ್ ಸ್ಪ್ರಿಂಗ್ ಬಡಿದು ಕತ್ತಿ ಮಾಡುವ ಆಚಾರಿಗಳ ಮಾಲಿಗೆ ಯಾವಾಗಲೂ ಎರಡು ಕಾಸು ಹೆಚ್ಚು ಕೊಡುತ್ತಿದ್ದರು. ಆಮೇಲೆ ಡಿಪ್ಲೊಮಾ ಓದುವಾಗ ಉಕ್ಕಿನ ಕಾರ್ಬನ್, ಹದ ಕೊಡುವುದು, ಗಡಸುತನ ಎಂದೆಲ್ಲ ಪುಸ್ತಕದಲ್ಲಿ ಬಂದಾಗ ನನಗೆ ಅದು ಹೊಸ ವಿಷಯ ಅನಿಸಲಿಲ್ಲ. ಉಪ್ಪನ ಉಗುರಿಗೆ ಗೊತ್ತಿದ್ದದ್ದಕ್ಕೆ ಪುಸ್ತಕದಲ್ಲಿ ಒಂದು ಹೆಸರು ಇತ್ತು, ಅಷ್ಟೆ.

ಅಂಗಡಿಯಲ್ಲಿ ಇನ್ನೊಂದು ಕ್ರಮ ಇತ್ತು. ಸಣ್ಣ ಹುಡುಗರು ಒಬ್ಬರೇ ಬಂದು ಕತ್ತಿ ಕೇಳಿದರೆ ಉಪ್ಪ ಕೊಡುತ್ತಿರಲಿಲ್ಲ. "ಯಾರಿಗೆ? ಎಂತ ಕೆಲಸಕ್ಕೆ? ಮನೆಯಿಂದ ದೊಡ್ಡವರು ಬರಲಿ" ಎನ್ನುತ್ತಿದ್ದರು. ಹತ್ತು ರೂಪಾಯಿ ವ್ಯಾಪಾರ ಹೋದರೂ ಹೋಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಮೆರಿಕದ ಸ್ಕೌಟ್ ಕತ್ತಿ ನನ್ನ ಕೈಗೆ ಬಂದದ್ದು ಸೌದಿಯಲ್ಲಿ. ಜುಬೈಲಿನ ಒಂದು ಸ್ಥಾವರದಲ್ಲಿ ಮೆಂಟೆನೆನ್ಸ್ ಟೆಕ್ನಿಷಿಯನ್ ಆಗಿದ್ದೆ. ರಜೆಯ ಶುಕ್ರವಾರಗಳಲ್ಲಿ ದಮ್ಮಾಮಿನ ಹರಾಜಿಗೆ, ಅಂದರೆ ಹಳೆ ಸಾಮಾನಿನ ಸಂತೆಗೆ, ಹೋಗುವುದು ನಮ್ಮ ರೂಮಿನವರ ಅಭ್ಯಾಸ. ಅಲ್ಲಿ ಸ್ಪ್ಯಾನರು, ಇಕ್ಕಳಗಳ ರಾಶಿಯ ಮಧ್ಯೆ ಕಂದು ಹಿಡಿಯ ಈ ಕತ್ತಿ ಸಿಕ್ಕಿತು. ಹಿಡಿಯ ಮೇಲೆ ಲೋಹದ ಒಂದು ಸಣ್ಣ ಬಿಲ್ಲೆ, ಅದರಲ್ಲಿ ಸ್ಕೌಟಿನ ಹೂವಿನ ಗುರುತು. ಅಲಗಿನ ಬುಡದಲ್ಲಿ 'ಅಲ್ಸ್ಟರ್, ಯು.ಎಸ್.ಎ.' ಎಂಬ ಮುದ್ರೆ. ದಹ್ರಾನಿನಲ್ಲಿ ತೈಲ ಕಂಪೆನಿಯ ಅಮೆರಿಕನ್ ಕುಟುಂಬಗಳ ಕ್ಯಾಂಪ್ ಇತ್ತು, ಆ ಮಕ್ಕಳಿಗೆ ಸ್ಕೌಟ್ ದಳಗಳೂ ಇದ್ದವು ಎಂದು ಆಮೇಲೆ ತಿಳಿಯಿತು. ಅಲ್ಲಿಂದಲೇ ಹರಾಜಿಗೆ ಇಳಿದು ಬಂದಿರಬೇಕು ಎಂದು ನನ್ನ ಊಹೆ. ಬಿಲ್ಲೆಯ ಬದಿಯಲ್ಲಿ ಮೊಳೆಯಿಂದ ಗೀರಿದ ಎರಡು ಇಂಗ್ಲಿಷ್ ಅಕ್ಷರ ಇದ್ದವು. ಯಾವುದೋ ಹುಡುಗನ ಹೆಸರಿನ ಮೊದಲ ಅಕ್ಷರಗಳು.

ಮಂಜೇಶ್ವರ ಕಡೆಯ ನಮ್ಮ ಕನ್ನಡ ಶಾಲೆಯಲ್ಲಿ ನಾನೂ ಸ್ಕೌಟ್ ಆಗಿದ್ದೆ. 1950ರಲ್ಲಿ ಹುಟ್ಟಿದ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ನಮ್ಮದು. ಕೊರಳಿಗೆ ಸ್ಕಾರ್ಫು, ಒಂದು ಸೀಟಿ, ಹಗ್ಗದ ಗಂಟುಗಳು. ಅಲ್ಲಿ ಕಲಿತ ಗಂಟನ್ನು ಅಂಗಡಿಯಲ್ಲಿ ಹಾರೆಯ ಕಟ್ಟು ಬಿಗಿಯಲು ಬಳಸಿದಾಗ ಉಪ್ಪ ಮೆಚ್ಚಿದ್ದು ನೆನಪಿದೆ. ಕತ್ತಿ ಮಾತ್ರ ನಮಗೆ ಯಾರೂ ಕೊಟ್ಟಿರಲಿಲ್ಲ. ಅಲ್ಲಿನ ಮಕ್ಕಳಿಗೆ ಕೊಟ್ಟಿದ್ದರು ಎನ್ನುವುದೇ ನನ್ನನ್ನು ಹಿಡಿದು ನಿಲ್ಲಿಸಿತು. ಯಾರು ಕೊಟ್ಟರು, ಯಾವ ಧೈರ್ಯದಲ್ಲಿ ಕೊಟ್ಟರು ಎಂದು ಹುಡುಕುತ್ತಾ ಹೋದೆ.

ಇಂಗ್ಲೆಂಡಿನಲ್ಲಿ ಬೇಡನ್ ಪೊವೆಲ್ ಮೊದಲ ಶಿಬಿರ ನಡೆಸಿದ್ದು 1907ರಲ್ಲಿ, ಬ್ರೌನ್‌ಸೀ ದ್ವೀಪದಲ್ಲಿ. ಅಮೆರಿಕದಲ್ಲಿ ಬಾಯ್ ಸ್ಕೌಟ್ಸ್ ಸಂಸ್ಥೆ ಶುರುವಾದದ್ದು 1910ರ ಫೆಬ್ರವರಿ 8ರಂದು, ಶಿಕಾಗೋದ ಪ್ರಕಾಶಕ ವಿಲಿಯಂ ಬಾಯ್ಸ್ ಮುಂದಾಳತ್ವದಲ್ಲಿ. ಮರುವರ್ಷವೇ, 1911ರಲ್ಲಿ, ಸಂಸ್ಥೆಯ ಅಧಿಕೃತ ಕತ್ತಿ ಬಂತು. ಮಾಡಿದ್ದು ನ್ಯೂಯಾರ್ಕ್ ರಾಜ್ಯದ ವಾಲ್ಡನ್ ಎಂಬ ಊರಿನ ನ್ಯೂಯಾರ್ಕ್ ನೈಫ್ ಕಂಪೆನಿ. ಅದನ್ನು ಕಟ್ಟಿದವರು ಇಂಗ್ಲೆಂಡಿನ ಶೆಫೀಲ್ಡಿನಿಂದ ವಲಸೆ ಬಂದ ಕತ್ತಿಗಾರರು. ನಮ್ಮವರು ಅಂಗಡಿಯ ಕಸುಬನ್ನು ಹೊತ್ತುಕೊಂಡು ಊರೂರಿಗೆ ಹೋದ ಹಾಗೆ ಅವರು ಕೈಕಸುಬನ್ನು ಹೊತ್ತುಕೊಂಡು ಸಮುದ್ರ ದಾಟಿದ್ದರು.

ಆಮೇಲೆ ಬಂದದ್ದು ರೆಮಿಂಗ್ಟನ್. ಅದು ಬಂದೂಕಿನ ಕಂಪೆನಿ. ಮೊದಲ ಮಹಾಯುದ್ಧ ಮುಗಿದಾಗ ಯಂತ್ರಗಳೂ ಕೆಲಸಗಾರರೂ ಉಳಿದರು, ಆರ್ಡರ್ ಉಳಿಯಲಿಲ್ಲ. 1920ರಿಂದ ಜೇಬುಕತ್ತಿ ಮಾಡತೊಡಗಿದರು. ಅವರ 'ಆರ್‌ಎಸ್ 3333' ಎಂಬ ಸ್ಕೌಟ್ ಕತ್ತಿ ಇವತ್ತಿಗೂ ಸಂಗ್ರಹ ಮಾಡುವವರ ಬಾಯಲ್ಲಿ ಇರುವ ನಂಬರು. ಯುದ್ಧಕ್ಕೆಂದು ಬೆಳೆಸಿದ ಕಾರ್ಖಾನೆ ಶಾಂತಿಯ ಕಾಲದಲ್ಲಿ ಮಕ್ಕಳಿಗೆ ಡಬ್ಬಿ ತೆರೆಯುವ ಕತ್ತಿ ಮಾಡಿ ಹೊಟ್ಟೆ ಹೊರೆಯಿತು! 1940ರ ಹೊತ್ತಿಗೆ ಮತ್ತೊಂದು ಯುದ್ಧ ಬಂತು, ರೆಮಿಂಗ್ಟನ್ ಕತ್ತಿಯ ಕೆಲಸ ಬಿಟ್ಟಿತು. ಎಲೆನ್‌ವಿಲ್ ಊರಿನ ಅಲ್ಸ್ಟರ್, ಕ್ಯಾಮಿಲಸ್ ಊರಿನ ಕ್ಯಾಮಿಲಸ್ ಕಂಪೆನಿ, ಇವೆರಡರ ಸ್ಕೌಟ್ ಕತ್ತಿಗಳೇ ಎರಡನೆಯ ಯುದ್ಧದ ನಂತರ ಹೆಚ್ಚು ಓಡಿದವು. ಎರಡೂ ನ್ಯೂಯಾರ್ಕ್ ರಾಜ್ಯದ ಸಣ್ಣ ಊರುಗಳು. ಹೆಣ್ಣುಮಕ್ಕಳನ್ನೂ ಬಿಡಲಿಲ್ಲ. ಜೂಲಿಯೆಟ್ ಗಾರ್ಡನ್ ಲೋ ಎಂಬವರು 1912ರಲ್ಲಿ ಜಾರ್ಜಿಯಾದ ಸವಾನಾದಲ್ಲಿ ಗರ್ಲ್ ಸ್ಕೌಟ್ಸ್ ಶುರು ಮಾಡಿದರು. ಅವರಿಗೂ ರೆಮಿಂಗ್ಟನ್, ಯುಟಿಕಾ ಊರಿನ ಕಟ್‌ಮಾಸ್ಟರ್ ಮುಂತಾದವರು ಕತ್ತಿ ಮಾಡಿದರು.

ಮೆಕ್ಯಾನಿಕಲ್ ಓದಿದವನ ಕಣ್ಣಿಗೆ ಈ ಕತ್ತಿ ಒಂದು ಒಳ್ಳೆಯ ಪಾಠ. ಇದರಲ್ಲಿ ಲಾಕ್ ಇಲ್ಲ. ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿಯೇ ಸ್ಪ್ರಿಂಗು. ಅಲಗಿನ ಬುಡದ ಚೌಕ ಮೂಲೆ ಅದರ ಮೇಲೆ ಹತ್ತಿ ಇಳಿದು ಟಕ್ ಎಂದು ಕೂರುತ್ತದೆ. ಆ ಶಬ್ದ ಬರಬೇಕಾದರೆ ಸ್ಪ್ರಿಂಗಿನ ಹದ, ಅಲಗಿನ ಬುಡದ ಆಕಾರ, ರಿವೆಟ್‌ನ ಬಿಗಿ ಮೂರೂ ಸರಿ ಇರಬೇಕು. ರಿವೆಟ್ ಹೆಚ್ಚು ಬಡಿದರೆ ಅಲಗು ತೆರೆಯುವುದಿಲ್ಲ, ಕಡಿಮೆಯಾದರೆ ಅಕ್ಕಪಕ್ಕ ಅಲ್ಲಾಡುತ್ತದೆ. ಒಳಗಿನ ತಗಡು ಹಿತ್ತಾಳೆ, ಹಾಗಾಗಿ ತುಕ್ಕು ಹಿಡಿಯುವುದಿಲ್ಲ. ಎರಡು ತುದಿಯ ಬಿಳಿ ಲೋಹ ನಿಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಉಂಟು, ವಸ್ತುವಿನಲ್ಲಿ ಇಲ್ಲ. ತಾಮ್ರ, ನಿಕಲ್, ಸತುವಿನ ಬೆರಕೆ ಅದು. ಹಳೆಯವುಗಳ ಹಿಡಿ ದನದ ಮೊಣಕಾಲಿನ ಕೆಳಗಿನ ಎಲುಬಿನದ್ದು, ಕೆತ್ತಿ ಬಣ್ಣ ಹಾಕಿದ್ದು. 1960ರ ನಂತರದವುಗಳಲ್ಲಿ ಡ್ಯುಪಾಂಟ್ ಕಂಪೆನಿಯ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕು. ಎಲುಬಿನ ಹಾಗೇ ಕಾಣುತ್ತದೆ, ಆದರೆ ಸೀಳುವುದಿಲ್ಲ. ಅಲಗು ಹೆಚ್ಚಿನವುಗಳಲ್ಲಿ ಸ್ಟೇನ್‌ಲೆಸ್ ಅಲ್ಲ, ಕಾರ್ಬನ್ ಉಕ್ಕು. ಉಮ್ಮನ ಹಳೆಯ ಮೆಟ್ಟುಕತ್ತಿಯ ಹಾಗೆ ಮಾವಿನಕಾಯಿ ಕೊಯ್ದರೆ ಕಪ್ಪಾಗುತ್ತದೆ, ಆದರೆ ಕಲ್ಲಿಗೆ ನಾಲ್ಕು ಸಲ ಎಳೆದರೆ ಹರಿತ ಬರುತ್ತದೆ.

ವರ್ಷ ಪತ್ತೆ ಮಾಡುವುದು ಇದರಲ್ಲಿರುವ ದೊಡ್ಡ ಖುಷಿ. ಅಲಗಿನ ಬುಡದ ಮುದ್ರೆ ಮೊದಲ ಸಾಕ್ಷಿ. ಹಿಡಿಯ ವಸ್ತು ಎರಡನೆಯದು. ಡಬ್ಬಿ ತೆರೆಯುವ ಅಲಗು ಮೂರನೆಯದು. ಹಳೆಯದು ಚುಚ್ಚಿ ಮೇಲಕ್ಕೆ ಎಳೆಯುವ ಉದ್ದ ಕೊಕ್ಕೆ. 1940ರ ದಶಕದಿಂದ ಬಂದದ್ದು ಡಬ್ಬಿಯ ಅಂಚನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಕೊಯ್ಯುವ ಗಿಡ್ಡ ಮಾದರಿ, ಕೈ ಜಾರುವುದು ಕಡಿಮೆ. ನಾಲ್ಕನೆಯ ಸಾಕ್ಷಿ ಆ ಹುಡುಗನೇ. ಅಲಗು ಸವೆದು ಸಪೂರವಾಗಿದ್ದರೆ ಅವನು ಮಸೆದು ಮಸೆದು ಬಳಸಿದ್ದಾನೆ. ತುದಿ ಮುರಿದಿದ್ದರೆ ಏನನ್ನೋ ಮೀಟಿ ಎಬ್ಬಿಸಲು ನೋಡಿದ್ದಾನೆ. ದಬ್ಬಳ ಹೊಸದರ ಹಾಗೇ ಇದ್ದರೆ ಅವನು ಚರ್ಮ ಹೊಲಿದವನಲ್ಲ. ಅಮೆರಿಕದಲ್ಲಿರುವ ಭಾವ ತಂದುಕೊಟ್ಟ ನನ್ನ ರೆಮಿಂಗ್ಟನ್‌ನ ಅಲಗು ಅರ್ಧಕ್ಕೆ ಅರ್ಧ ಸವೆದಿದೆ. ಸಂಗ್ರಹ ಮಾಡುವವರ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಡಿಮೆ. ನನ್ನ ಲೆಕ್ಕದಲ್ಲಿ ಅದೇ ಮೇಲೆ. ಯಾರದೋ ಬಾಲ್ಯ ಪೂರ್ತಿ ಕೆಲಸ ಮಾಡಿದ ಕತ್ತಿ ಅದು.

ಉಪ್ಪನಿಗೆ ಮೊದಲ ಸಲ ತೋರಿಸಿದಾಗ ಅವರು ಕೇಳಿದ್ದು ಬೆಲೆಯನ್ನು. ಈ ಮಾದರಿಯ ಸಾಮಾನ್ಯ ಕತ್ತಿ ನನಗೆ ಇಪ್ಪತ್ತೈದು ನಲವತ್ತು ಡಾಲರಿಗೆ ಸಿಕ್ಕಿದ್ದುಂಟು. ರೂಪಾಯಿಯಲ್ಲಿ ಹೇಳಿದಾಗ "ಹಳೆ ಕಬ್ಬಿಣಕ್ಕಾ?" ಎಂದರು. ಆಮೇಲೆ ಕೈಗೆ ತೆಗೆದುಕೊಂಡು ತೆರೆದರು, ಮಡಚಿದರು. ಟಕ್. ಮತ್ತೊಮ್ಮೆ. ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ. ಅಲಗಿಗೆ ಉಗುರು ಬಡಿದರು. "ಮಾಡಿದವನಿಗೆ ಕೆಲಸ ಗೊತ್ತಿತ್ತು" ಎಂದಷ್ಟೇ ಹೇಳಿ ವಾಪಸ್ ಕೊಟ್ಟರು. ಉಪ್ಪನ ಬಾಯಿಂದ ಒಂದು ಮಾಲಿಗೆ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಆ ಕೆಲಸ ಗೊತ್ತಿದ್ದವರ ಕಾರ್ಖಾನೆಗಳು ಈಗ ಇಲ್ಲ. ನ್ಯೂಯಾರ್ಕ್ ನೈಫ್ 1931ರಲ್ಲೇ ಮುಚ್ಚಿತು. ಅಲ್ಸ್ಟರನ್ನು ಒಳಗೆ ಹಾಕಿಕೊಂಡ ಇಂಪೀರಿಯಲ್ ಶ್ರೇಡ್ 2004ರಲ್ಲಿ ಎಲೆನ್‌ವಿಲ್‌ನಲ್ಲಿ ಬಾಗಿಲು ಹಾಕಿತು. ಕ್ಯಾಮಿಲಸ್ 2007ರಲ್ಲಿ. ಇದನ್ನು ಉಪ್ಪನಿಗೆ ಹೇಳಿದಾಗ ಅವರು ರಸ್ತೆಯ ಕಡೆ ನೋಡಿದರು. ಹೆದ್ದಾರಿ ಅಗಲವಾಗಿ ನಮ್ಮ ಪೇಟೆಯ ಮುಖವೇ ಬದಲಾಗಿದೆ. ಮೊಳೆ, ಹಗ್ಗ ಕೂಡ ಈಗ ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದೆ. ಆಚಾರಿ ಕತ್ತಿ ಕೇಳಿಕೊಂಡು ಬರುವವರು ವಾರಕ್ಕೆ ಇಬ್ಬರೋ ಮೂವರೋ.

ಇನ್ನು ಆ ಧೈರ್ಯದ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಸ್ಕೌಟ್‌ಗಳಲ್ಲಿ ಕತ್ತಿ ಕೊಳ್ಳುವುದು ಒಂದು, ಇಟ್ಟುಕೊಳ್ಳುವ ಹಕ್ಕು ಇನ್ನೊಂದು. 'ಟೋಟಿನ್ ಚಿಪ್' ಎಂಬ ಒಂದು ಕಾರ್ಡು ಉಂಟು. ಕತ್ತಿ, ಕೊಡಲಿ, ಗರಗಸ ಹೇಗೆ ಹಿಡಿಯಬೇಕು, ಹೇಗೆ ಮಸೆಯಬೇಕು, ಹೇಗೆ ಇನ್ನೊಬ್ಬರಿಗೆ ಕೊಡಬೇಕು ಎಂದು ಮಾಡಿ ತೋರಿಸಿದವರಿಗೆ ಮಾತ್ರ ಅದು ಸಿಗುತ್ತದೆ. ನಿಯಮ ಮುರಿದರೆ ಕಾರ್ಡಿನ ಒಂದು ಮೂಲೆ ಕತ್ತರಿಸುವ ರೂಢಿ. ನಾಲ್ಕೂ ಮೂಲೆ ಹೋದರೆ ಹಕ್ಕೂ ಹೋಯಿತು. ನಿಯಮಗಳು ಸರಳ. ಕೊಯ್ಯುವ ಮೊದಲು ಕೈ ಚಾಚಿ ಸುತ್ತ ತಿರುಗಿ ನೋಡು, ಆ ಅಳತೆಯೊಳಗೆ ಯಾರೂ ಇರಬಾರದು. ಅಲಗನ್ನು ಮೈಯಿಂದ ಹೊರಗೆ ಎಳೆ. ಮೊಂಡಾದ ಕತ್ತಿಗಿಂತ ಹರಿತದ ಕತ್ತಿ ಸುರಕ್ಷಿತ, ಯಾಕೆಂದರೆ ಮೊಂಡಿಗೆ ಬಲ ಹಾಕಬೇಕು, ಬಲ ಹಾಕಿದಾಗ ಜಾರುತ್ತದೆ. ಇನ್ನೊಬ್ಬರಿಗೆ ಕೊಡುವಾಗ ಮಡಚಿ ಕೊಡು. ತೆಗೆದುಕೊಂಡವನು 'ಥ್ಯಾಂಕ್ಸ್' ಎಂದ ಮೇಲೆಯೇ ಕೈ ಬಿಡು.

ಈ ಕೊನೆಯದನ್ನು ಹೇಳಿದಾಗ ಉಮ್ಮ ನಕ್ಕರು. ಉಮ್ಮ ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟವರೇ ಅಲ್ಲ. ನೆಲದ ಮೇಲೆ ಇಡುತ್ತಾರೆ, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಜಗಳ ಆಗುತ್ತದೆ ಅಂತೆ. ನಾವು ಅದನ್ನು ಹಳೆ ಕಾಲದ ನಂಬಿಕೆ ಎಂದು ತಳ್ಳಿಬಿಡುತ್ತೇವೆ. ಅದರೊಳಗೆ ಇರುವುದೂ ಅದೇ ನಿಯಮ. ದೊಡ್ಡವರು ಬರಲಿ ಎಂದು ಉಪ್ಪ ಅಂಗಡಿಯಲ್ಲಿ ಹೇಳುತ್ತಿದ್ದದ್ದೂ ಒಂದು ಕಾರ್ಡೇ. ಕಾಗದದಲ್ಲಿ ಇರಲಿಲ್ಲ, ಅಷ್ಟೆ. ನಮ್ಮ ಹಿರಿಯರು ಮಕ್ಕಳ ಕೈಯಿಂದ ಕತ್ತಿಯನ್ನು ದೂರ ಇಟ್ಟವರಲ್ಲ. ಏಳೆಂಟು ವರ್ಷದ ಹುಡುಗಿಯರು ಮೆಟ್ಟುಕತ್ತಿಯ ಮುಂದೆ ಕೂತು ಮೀನು ಕೊಯ್ಯುತ್ತಿದ್ದರು, ಹುಡುಗರು ಅಡಿಕೆ ಸುಲಿಯುತ್ತಿದ್ದರು. ಹತ್ತಿರ ಒಬ್ಬರು ದೊಡ್ಡವರು ಇರುತ್ತಿದ್ದರು, ಕಣ್ಣು ಇರುತ್ತಿತ್ತು, ಮಾತು ಇರುತ್ತಿತ್ತು. ಈಗ ನಾವು ಮಕ್ಕಳ ಕೈಗೆ ಫೋನು ಕೊಡುವಾಗ ಯಾವ ಮಾತೂ ಹೇಳುವುದಿಲ್ಲ, ಕತ್ತಿ ಮುಟ್ಟಿದರೆ ಮಾತ್ರ ಬೊಬ್ಬೆ ಹಾಕುತ್ತೇವೆ.

ನನ್ನ ದೊಡ್ಡ ಮಗಳಿಗೆ ಈಗ ಹತ್ತು ವರ್ಷ. ನನ್ನ 23ರಲ್ಲಿ ಅವಳ ಕಣ್ಣು ಬಿದ್ದದ್ದು ಒಂದೇ ಒಂದರ ಮೇಲೆ, ಹಸಿರು ಹಿಡಿಯ ಗರ್ಲ್ ಸ್ಕೌಟ್ ಕತ್ತಿಯ ಮೇಲೆ. "ಇದು ಹೆಣ್ಣುಮಕ್ಕಳದ್ದಾ?" ಎಂದು ಕೇಳಿದಳು. ಹೌದು ಎಂದೆ. ಮನೆಯಲ್ಲಿ ಮಾತು ಬೆಳೆಯಿತು. ಹೆಂಡತಿಗೆ ಕೈ ಕೊಯ್ದುಕೊಳ್ಳುತ್ತಾಳೆ ಎಂಬ ಭಯ. ಉಮ್ಮನಿಗೆ ಇನ್ನೊಂದು ಭಯ, ಊರಿನವರು ಏನು ಹೇಳುತ್ತಾರೋ ಅಂತ. ಉಪ್ಪ ಮಾತ್ರ ಅಂಗಡಿಯಲ್ಲಿ ಕೇಳುತ್ತಿದ್ದದ್ದನ್ನೇ ಮೊಮ್ಮಗಳಿಗೂ ಕೇಳಿದರು: "ಎಂತ ಕೆಲಸಕ್ಕೆ?" ಅವಳಿಗೆ ಉತ್ತರ ಇರಲಿಲ್ಲ. "ಉತ್ತರ ಸಿಕ್ಕಿದ ಮೇಲೆ ಬಾ" ಎಂದರು.

ಮೂರು ದಿನ ಬಿಟ್ಟು ಉತ್ತರ ತಂದಳು. ತೆಂಗಿನ ಗರಿಯ ಕಡ್ಡಿ ಕೆರೆದು ಗಾಳಿಪಟ ಮಾಡಬೇಕು. ಅದು ಕೆಲಸ ಎಂದು ಉಪ್ಪ ಒಪ್ಪಿದರು. ಮೊದಲು ಸ್ನಾನದ ಸೋಪಿನ ಮೇಲೆ ಕೆತ್ತಲು ಕೊಟ್ಟೆ, ಅಲ್ಲಿನ ಸಣ್ಣ ಸ್ಕೌಟ್‌ಗಳೂ ಹಾಗೇ ಶುರು ಮಾಡುವುದುಂಟು. ರಟ್ಟಿನ ಒಂದು ಕಾರ್ಡು ಮಾಡಿ, ನಿಯಮಗಳನ್ನು ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಕನ್ನಡ ಲಿಪಿಯಲ್ಲೇ ಬ್ಯಾರಿಯಲ್ಲಿ ಬರೆದೆವು. ಕತ್ತಿ ಶಾಲೆಗೆ ಹೋಗುವುದಿಲ್ಲ, ಅಂಗಳದ ಗೇಟು ದಾಟುವುದಿಲ್ಲ, ದೊಡ್ಡವರು ಯಾರಾದರೂ ಹತ್ತಿರ ಇಲ್ಲದೆ ತೆರೆಯುವುದಿಲ್ಲ. ಇದು ಕಾರ್ಡಿನ ಮೊದಲ ಸಾಲು. ಈವರೆಗೆ ಒಂದು ಮೂಲೆ ಹೋಗಿದೆ, ತಮ್ಮನಿಗೆ ತೋರಿಸಲು ತೆರೆದ ಕತ್ತಿ ಹಿಡಿದು ಓಡಿದ್ದಕ್ಕೆ. ಕತ್ತರಿಸಿದವರು ಉಮ್ಮ. ಮಗಳು ಅತ್ತಳು, ಉಮ್ಮನ ಕೈಯೂ ಸ್ವಲ್ಪ ನಡುಗಿತು, ಆದರೂ ಕತ್ತರಿಸಿದರು. ಗಾಳಿಪಟ ಹಾರಿತು, ಓರೆಯಾಗಿ.

ಯಾರಿಗಾದರೂ ಈ ಹುಚ್ಚು ಹತ್ತಿದರೆ ನಾಲ್ಕು ಮಾತು. ಹಳೆಯ ಕತ್ತಿಯನ್ನು ಬಫಿಂಗ್ ಚಕ್ರಕ್ಕೆ ಹಿಡಿಯಬೇಡಿ, ಮುದ್ರೆ ಅಳಿದರೆ ಚರಿತ್ರೆಯೇ ಅಳಿಯಿತು. ತುಕ್ಕನ್ನು ಎಣ್ಣೆ ಹಚ್ಚಿ ಮೆಲ್ಲ ಒರೆಸಿ. ಕೀಲಿಗೆ ಮಿನರಲ್ ಆಯಿಲ್ ಒಂದು ಹನಿ ಸಾಕು. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ. ಚರ್ಮದ ಚೀಲದಲ್ಲಿ ಇಟ್ಟರೆ ಹಿತ್ತಾಳೆ ಹಸಿರು ಹಿಡಿಯುತ್ತದೆ. ಸೆಲ್ಯುಲಾಯ್ಡ್ ಹಿಡಿಯವುಗಳನ್ನು ಬೇರೆಯೇ ಇಡಿ, ಅವು ಹಳತಾದಾಗ ಬಿಡುವ ಅನಿಲ ಪಕ್ಕದ ಉಕ್ಕನ್ನೂ ತಿನ್ನುತ್ತದೆ. ನಮ್ಮ ಕಡಲ ಗಾಳಿಗೆ ಮಳೆಗಾಲಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ಎಲ್ಲವನ್ನೂ ತೆಗೆದು ಒರೆಸಲೇಬೇಕು. ಸಾಮಾನ್ಯ ಕತ್ತಿಗೆ ಸ್ಕೌಟ್ ಬಿಲ್ಲೆ ಅಂಟಿಸಿ ಮಾರುವವರು ಇದ್ದಾರೆ, ಬಿಲ್ಲೆ ಹಿಡಿಯ ಗುಳಿಯಲ್ಲಿ ಬಿಗಿಯಾಗಿ ಕೂತಿದೆಯಾ ನೋಡಿ. ಕಡವೆ ಕೊಂಬಿನ ಹಿಡಿ ಇರುವುದನ್ನು ನಾನು ಮುಟ್ಟುವುದಿಲ್ಲ, ನಮ್ಮ ದೇಶದ ವನ್ಯಜೀವಿ ಕಾನೂನಿನ ತೊಡಕು ಯಾರಿಗೆ ಬೇಕು? ಒರೆಯಲ್ಲಿ ಇಡುವ ಉದ್ದ ಕತ್ತಿಗಳೂ ಸ್ಕೌಟ್‌ಗಳಿಗಿದ್ದವು, ಚಂದವೂ ಉಂಟು, ಆದರೆ ಅವು ನನಗೆ ಬೇಡ. ವಿಮಾನದಲ್ಲಿ ತರುವುದಾದರೆ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಸಾಮಾನಿನಲ್ಲಿ ಇಡಿ. ಜೇಬಿನಲ್ಲಿ ಹಾಕಿಕೊಂಡು ಪೇಟೆ ಸುತ್ತಬೇಡಿ.

ಮಗಳ ಕಾರ್ಡಿನಲ್ಲಿ ಇನ್ನೂ ಮೂರು ಮೂಲೆ ಉಂಟು. ಈ ಮಳೆಗಾಲದಲ್ಲಿ ಅವಳಿಗೆ ಕಲ್ಲಿನ ಮೇಲೆ ಮಸೆಯುವುದನ್ನು ಕಲಿಸುವ ಕೆಲಸ ಉಪ್ಪ ವಹಿಸಿಕೊಂಡಿದ್ದಾರೆ. ಅಂಗಡಿಯಲ್ಲಿ ಸಂಜೆ ಹೊತ್ತು ಗಿರಾಕಿ ಕಡಿಮೆ, ಸಮಯ ಬೇಕಾದಷ್ಟು ಸಿಗುತ್ತದೆ.